ಪಂಕ್ತಿ ಒಂದೇ, ತುತ್ತು ಬೇರೆ

“ಊಟ ತನ್ನಿಚ್ಛೆ, ನೋಟ ಪರರಿಚ್ಛೆ” ಎಂಬುದು ನಮ್ಮ ಹಿರಿಯರ ಮಾತು. ಉಡುವ ಬಟ್ಟೆಯಲ್ಲಿ ಲೋಕದ ಕಣ್ಣಿಗೆ ಅಂಜಿ ನಡೆಯಬೇಕಾದೀತು; ಉಣ್ಣುವ ಅನ್ನದಲ್ಲಿ ಮಾತ್ರ ಮನುಷ್ಯನಿಗೆ ತಾನೇ ಒಡೆಯನೆಂಬುದು ಅದರ ಭಾವ. ಆದರೆ ನೂರು ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವ ಶಾಲೆಯಲ್ಲಿ ಒಂದು ಮಗುವಿನ ಇಚ್ಛೆಯ ತುತ್ತು ಪಕ್ಕದ ಮಗುವಿನ ಪ್ರಾಣಕ್ಕೆ ಸಂಚಕಾರ ತರುವುದಾದರೆ ಈ ಮಾತು ಎಲ್ಲಿಯವರೆಗೆ ನಿಂತೀತು? ಉಪಾಧ್ಯಾಯರೂ ವಿದ್ಯಾರ್ಥಿಗಳೂ ಕೂಡಿ ಆಲೋಚಿಸಬೇಕಾದ ಪ್ರಶ್ನೆಯಿದು.

2011ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಫ್ಲಾರಿಡಾ ರಾಜ್ಯದ ಎಜ್‌ವಾಟರ್ ಎಂಬ ಊರಿನಲ್ಲಿ ಕೆಲವರು ತಂದೆತಾಯಂದಿರು ಫಲಕಗಳನ್ನು ಹಿಡಿದು ಪ್ರಾಥಮಿಕ ಶಾಲೆಯ ಮುಂದೆ ನಿಂತರು. ಅಲ್ಲಿ ಒಂದನೆಯ ತರಗತಿಯ ಬಾಲಕಿಯೊಬ್ಬಳಿಗೆ ಕಡಲೆಕಾಯಿಯೆಂದರೆ ಪ್ರಾಣಾಪಾಯ. ಅವಳ ರಕ್ಷಣೆಗಾಗಿ ಸಹಪಾಠಿಗಳೆಲ್ಲರೂ ಬೆಳಿಗ್ಗೆಯೂ ಊಟವಾದ ಮೇಲೂ ಕೈ ತೊಳೆದು ಬಾಯಿ ಮುಕ್ಕಳಿಸಬೇಕೆಂದು ಶಾಲೆಯವರು ಕಟ್ಟುಮಾಡಿದ್ದರು. ಇದರಿಂದ ಪಾಠದ ವೇಳೆ ಹಾಳಾಗುತ್ತದೆ, ನಮ್ಮ ಮಕ್ಕಳಿಗೂ ಹಕ್ಕುಗಳಿವೆ, ಆ ಹುಡುಗಿಗೆ ಮನೆಯಲ್ಲಿಯೇ ಪಾಠ ಹೇಳಿಸಲಿ ಎಂಬುದು ಪ್ರತಿಭಟಿಸಿದವರ ವಾದದ ತಾತ್ಪರ್ಯ. ಅವಳನ್ನೂ ಉಳಿದವರಂತೆ ಶಾಲೆಯಲ್ಲಿಯೇ ಕಲಿಸುವುದು ಕಾನೂನು ವಿಧಿಸಿದ ಕರ್ತವ್ಯವೆಂದು ಅಧಿಕಾರಿಗಳು ಉತ್ತರಿಸಿದರು. ಉಂಡ ಮೇಲೆ ಕೈಬಾಯಿ ತೊಳೆಯುವುದನ್ನು ನಿತ್ಯದ ನಡತೆಯಾಗಿ ಕಲಿತ ನಮಗೆ ಈ ಜಗಳ ವಿಚಿತ್ರವೆನಿಸಬಹುದು. ಆದರೂ ಅದರ ಬುಡದಲ್ಲಿರುವ ಪ್ರಶ್ನೆ ನಗುವಂಥದಲ್ಲ: ಒಬ್ಬರಿಗಾಗಿ ಹಲವರು ಎಷ್ಟು ತೊಂದರೆ ಪಡಬೇಕು?

ಮೊದಲು ಈ ಬಾಧೆಯ ಸ್ವರೂಪವನ್ನು ತಿಳಿಯೋಣ. “ಬದನೆಕಾಯಿ ನನಗೆ ಸೇರದು” ಎನ್ನುವ ನಾಲಗೆಯ ಚಾಪಲ್ಯವಲ್ಲ ಅಲರ್ಜಿ. ಮೈಯನ್ನು ರೋಗಗಳಿಂದ ಕಾಯಬೇಕಾದ ಶಕ್ತಿಯೇ ನಿರಪಾಯವಾದ ಆಹಾರವನ್ನು ಶತ್ರುವೆಂದು ಬಗೆದು ದೇಹದ ಮೇಲೆಯೇ ದಂಡೆತ್ತಿ ಬರುವ ಸ್ಥಿತಿಯದು. ಅದರ ಉಗ್ರರೂಪಕ್ಕೆ ಅನಾಫಿಲಾಕ್ಸಿಸ್ ಎಂಬ ಹೆಸರನ್ನಿಟ್ಟವರು ಫ್ರಾನ್ಸಿನ ವಿಜ್ಞಾನಿಗಳಾದ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ಟಿಯೆ, ಅದು 1902ರಲ್ಲಿ. ಈ ಸಂಶೋಧನೆಗಾಗಿ ರಿಶೆಗೆ 1913ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಮೈಮೇಲೆ ದದ್ದುಗಳೇಳುತ್ತವೆ, ತುಟಿ ನಾಲಗೆಗಳು ಊದುತ್ತವೆ, ಉಸಿರು ಕಟ್ಟುತ್ತದೆ, ರಕ್ತದ ಒತ್ತಡ ಕುಸಿಯುತ್ತದೆ. ಕೆಲವು ನಿಮಿಷಗಳಲ್ಲಿಯೇ ಇಷ್ಟೂ ನಡೆದುಹೋಗಬಹುದು. ಆಗ ಮೊದಲು ಕೊಡಬೇಕಾದ ಮದ್ದು ತೊಡೆಯ ಸ್ನಾಯುವಿಗೆ ಚುಚ್ಚುವ ಅಡ್ರಿನಲಿನ್. “ಒಂದು ಚೂರು ತಿಂದರೆ ಏನೂ ಆಗದು” ಎಂದು ಪ್ರೀತಿಯಿಂದ ಒತ್ತಾಯಿಸುವ ಕೈಯೇ ಇಲ್ಲಿ ಅಪಾಯಕರ.

ಹೀಗಿರುವಲ್ಲಿ ಹಲವರ ಇಚ್ಛೆಯನ್ನೂ ಒಬ್ಬರ ಪ್ರಾಣವನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವಂತಿಲ್ಲ. ಮಧ್ಯಾಹ್ನ ತಪ್ಪಿದ ಕಡಲೆಕಾಯಿ ಸಂಜೆಗೆ ದೊರೆಯುತ್ತದೆ. ಮಧ್ಯಾಹ್ನ ನಿಂತ ಉಸಿರು ಸಂಜೆಗೆ ಮರಳದು. ಹಾಗಾದರೆ ಅಂಥ ಪದಾರ್ಥಗಳನ್ನು ಶಾಲೆಯ ಬಾಗಿಲೊಳಗೆ ತರಕೂಡದೆಂದು ನಿಷೇಧಿಸಿಬಿಟ್ಟರೆ ಸಾಲದೆ? ಸುಲಭವಾಗಿ ತೋರುವ ಈ ದಾರಿಯನ್ನು ಹಿಡಿಯುವ ಮುನ್ನ ಕೆನಡಾ ದೇಶದ ಒಂದು ದುರಂತವನ್ನು ನೆನೆಯಬೇಕು.

2003ರಲ್ಲಿ ಆ ದೇಶದ ಆಂಟೇರಿಯೊ ಪ್ರಾಂತದಲ್ಲಿ ಹದಿಮೂರು ವರ್ಷದ ವಿದ್ಯಾರ್ಥಿನಿಯೊಬ್ಬಳು ಶಾಲೆಯ ಉಪಾಹಾರಗೃಹದಲ್ಲಿ ಹುರಿದ ಆಲೂಗಡ್ಡೆಯನ್ನು ಕೊಂಡು ತಿಂದಳು. ಅವಳಿಗೆ ಹಾಲಿನ ಪದಾರ್ಥಗಳು ಒಗ್ಗುತ್ತಿರಲಿಲ್ಲ. ಗಿಣ್ಣು ಮುಟ್ಟಿದ ಇಕ್ಕುಳದಿಂದಲೇ ಆಲೂಗಡ್ಡೆಯನ್ನು ಬಡಿಸಿರಬೇಕೆಂದು ಆಮೇಲೆ ಊಹಿಸಲಾಯಿತು. ಉಸಿರುಕಟ್ಟಿದಾಗ ಅದು ಉಬ್ಬಸವಿರಬಹುದೆಂದು ಮೊದಲು ತೋರಿತು; ಮದ್ದಿನ ಸೂಜಿ ದೂರದ ಕಪಾಟಿನಲ್ಲಿತ್ತು. ಮಗು ಉಳಿಯಲಿಲ್ಲ. ಅವಳ ಹೆಸರಿನಲ್ಲಿಯೇ ಆ ಪ್ರಾಂತವು 2005ರಲ್ಲಿ ‘ಸಬ್ರೀನಾ ಕಾಯಿದೆ’ಯನ್ನು ಅಂಗೀಕರಿಸಿತು; 2006ರ ಜನವರಿ 1ರಂದು ಅದು ಜಾರಿಗೆ ಬಂದಿತು. ಆ ಕಾಯಿದೆ ಯಾವುದೊಂದು ತಿನಿಸನ್ನೂ ಹೆಸರಿಸಿ ನಿಷೇಧಿಸಲಿಲ್ಲ. ಅಪಾಯವನ್ನು ತಗ್ಗಿಸುವ ಕ್ರಮವಿರಬೇಕು, ಸಿಬ್ಬಂದಿಗೆ ತರಬೇತಿಯಾಗಬೇಕು, ಬಾಧೆಯಿರುವ ಪ್ರತಿಯೊಂದು ಮಗುವಿಗೂ ಪ್ರತ್ಯೇಕ ಯೋಜನೆಯಿರಬೇಕು ಎಂದಿತು. ಕಡಲೆಕಾಯಿಯನ್ನು ನಿಷೇಧಿಸಿದ್ದರೆ ಹಾಲು ಒಗ್ಗದ ಆ ಮಗು ಉಳಿಯುತ್ತಿತ್ತೆ? ಫಲಕ ತೂಗುಹಾಕಿದ ಮಾತ್ರಕ್ಕೆ ಎಚ್ಚರ ಬಾರದು. ಎಷ್ಟೋ ವೇಳೆ ಫಲಕವನ್ನು ನಂಬಿ ಎಚ್ಚರವೇ ಮಲಗಿಬಿಡುವುದುಂಟು. ಶಾಲೆಗಳಿಗಾಗಿ 2021ರಲ್ಲಿ ಹೊರಬಂದ ಅಂತರರಾಷ್ಟ್ರೀಯ ತಜ್ಞರ ಮಾರ್ಗದರ್ಶಿಯೂ ಸಾರಾಸಗಟು ನಿಷೇಧಕ್ಕಿಂತ ತರಬೇತಿಗೂ ಮದ್ದಿನ ಸಿದ್ಧತೆಗೂ ಹೆಚ್ಚಿನ ಬೆಲೆ ಕೊಟ್ಟಿತು.

ನಮ್ಮ ಗಡಿಸೀಮೆಯನ್ನೇ ನೋಡೋಣ. ಮಡಕಶಿರ, ರಾಯದುರ್ಗಗಳ ಕಡೆ ಮಳೆಗಾಣದ ಕೆಂಪು ನೆಲದಲ್ಲಿ ಕಡಲೆಕಾಯಿ ಬಹುಕಾಲದಿಂದ ಬಡವರ ಬೆಳೆ, ಬಡವರ ಬಲ. ರೊಟ್ಟಿಗೆ ಅದರದೇ ಚಟ್ನಿ, ಹಬ್ಬಕ್ಕೆ ಅದರದೇ ಉಂಡೆ. 2020ರ ಜನವರಿಯಲ್ಲಿ ಆಂಧ್ರಪ್ರದೇಶ ಸರಕಾರವು ಶಾಲೆಯ ಊಟವನ್ನು ಪರಿಷ್ಕರಿಸಿದಾಗ ಮೊಟ್ಟೆಯೊಡನೆ ಕಡಲೆಕಾಯಿ ಚಿಕ್ಕಿಯನ್ನೂ ಸೇರಿಸಿತು. ಮನೆಯಲ್ಲಿ ಅರೆಹೊಟ್ಟೆಯುಣ್ಣುವ ಮಗುವಿನ ಕೈಯಿಂದ ಅದನ್ನು ಕಿತ್ತುಕೊಳ್ಳುವುದೂ ಅನ್ಯಾಯವೇ.

ಹಾಗಾದರೆ ಒಗ್ಗದ ಮಗುವನ್ನು ಬೇರೆ ಕೂಡಿಸೋಣವೆ? ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಶಾಲೆಗಳನ್ನು ಕುರಿತು 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಡಲೆಕಾಯಿಯಿಲ್ಲದ ಪ್ರತ್ಯೇಕ ಮೇಜುಗಳನ್ನಿಟ್ಟ ಶಾಲೆಗಳಲ್ಲಿ ಅಡ್ರಿನಲಿನ್ ಚುಚ್ಚಬೇಕಾದ ಪ್ರಸಂಗಗಳು ಕಡಿಮೆಯೆಂದು ಕಂಡಿತು. ಲೆಕ್ಕ ಹಾಗೆ ಹೇಳಬಹುದು. ಆದರೆ ನಮ್ಮ ದೇಶದಲ್ಲಿ ಊಟದ ಹೊತ್ತಿಗೆ “ನೀನು ಅತ್ತ ಕೂಡು” ಎಂಬ ಮಾತಿನ ಹಿಂದೆ ಶತಮಾನಗಳ ಕಹಿಯಿದೆ. ಪಂಕ್ತಿಭೇದದ ಗಾಯ ಇನ್ನೂ ಮಾಯದ ನೆಲವಿದು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ತೊಡೆದುಹಾಕಿತು. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಬೇಕೆಂದು 2001ರಲ್ಲಿ ಆಜ್ಞಾಪಿಸಿದ ಸುಪ್ರೀಂ ಕೋರ್ಟು, ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ಕೊಡಬೇಕೆಂದು 2004ರಲ್ಲಿ ಹೇಳಿತು. ಒಟ್ಟಿಗೆ ಕುಳಿತು ಉಣ್ಣುವುದೇ ಇಲ್ಲಿ ಒಂದು ಪಾಠ. ಆ ಪಾಠವನ್ನು ಕೆಡಿಸುವ ರಕ್ಷಣೆ ಮಗುವಿನ ಮೈಯನ್ನು ಕಾಯ್ದು ಮನಸ್ಸನ್ನು ಕೊರೆಯುತ್ತದೆ. ಇದಕ್ಕೆ ಇನ್ನೊಂದು ಮುಖವೂ ಉಂಟು: ಅಡುಗೆಯಾಕೆಯ ಜಾತಿಯನ್ನು ನೋಡಿ ಮೂಗು ಮುರಿಯುವವನು “ನಮ್ಮ ಹುಡುಗನಿಗೆ ಆ ಊಟ ಒಗ್ಗದು” ಎಂದು ನೆಪ ಹೇಳಬಹುದು. ಅದು ಹಕ್ಕಲ್ಲ, ವೈದ್ಯರ ಮಾತಿಗೂ ಮನೆತನದ ಬಿಂಕಕ್ಕೂ ಇರುವ ಅಂತರವನ್ನು ಶಾಲೆ ಅರಿತಿರಬೇಕು.

ಆದುದರಿಂದ ನಾನು ಕಂಡುಕೊಂಡ ಸೂತ್ರವಿಷ್ಟೆ: ಬೇರೆ ಮಾಡಬೇಕಾದುದು ತುತ್ತನ್ನು, ಮಗುವನ್ನಲ್ಲ. ಸಾಲು ಒಂದೇ ಇರಲಿ. ಮಗುವಿನ ತಟ್ಟೆಗೆ ಬೇರೆ ಸೌಟಿರಲಿ, ಅದಕ್ಕೆ ಮೊದಲು ಬಡಿಸಲಿ. ಚಿಕ್ಕಿಯ ಬದಲು ಅಷ್ಟೇ ಬೆಲೆಯುಳ್ಳ ಹಣ್ಣು ದೊರೆಯಲಿ. ಅದರ ಎರಡು ಮಗ್ಗುಲಲ್ಲಿ ವಿಷಯ ತಿಳಿದ ಗೆಳೆಯರು ಕೂಡಲಿ. ಉಂಡ ಮೇಲೆ ಎಲ್ಲರೂ ಸೋಪಿನಿಂದ ಕೈ ತೊಳೆಯಲಿ. ಬರಿಯ ನೀರು ಕಡಲೆಕಾಯಿಯ ಅಂಶವನ್ನು ಪೂರ್ತಿಯಾಗಿ ತೆಗೆಯದು. ಉಸಿರು ಕಟ್ಟಿದರೆ ಮಗುವನ್ನು ನಡೆಸಬಾರದೆಂಬುದನ್ನೂ, ಯಾವ ಆಸ್ಪತ್ರೆಗೆ ಯಾರು ಒಯ್ಯಬೇಕೆಂಬುದನ್ನೂ ಉಪಾಧ್ಯಾಯರು ಮುಂಚಿತವಾಗಿ ಗೊತ್ತುಮಾಡಿಕೊಂಡಿರಲಿ.

ವಿದ್ಯಾರ್ಥಿಗಳಿಗೂ ಒಂದು ಮಾತು. ಚಿಕ್ಕಿಯನ್ನು ಅಂಗಿಯ ಚುಂಗಿನಲ್ಲಿ ಸುತ್ತಿ ಕಚ್ಚಿ, ‘ಕಾಗೆ ಎಂಜಲು’ ಮಾಡಿ ಗೆಳೆಯನಿಗೆ ಕೊಡುವುದು ಬಾಲ್ಯದ ಸೊಗಸಾದ ಔದಾರ್ಯ. ಆದರೆ ಒಗ್ಗದವನಿಗೆ ಕೊಡದಿರುವುದೇ ಔದಾರ್ಯವಾಗುವ ಸಂದರ್ಭವೂ ಇದೆ. “ಬೇಡ” ಎಂದವನನ್ನು ಹಂಗಿಸದೆ ಅವನ ಮಾತನ್ನು ನಂಬುವುದು ಸ್ನೇಹದ ದೊಡ್ಡ ಪರೀಕ್ಷೆ.

“ಎಲ್ಲೋ ಒಂದು ಮಗುವಿಗಾಗಿ ಇಷ್ಟೆಲ್ಲ ಏಕೆ?” ಎಂದು ಕೆಲವರು ಕೇಳಿಯಾರು. ನಿಜ, 2020ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಂತೆ ಭಾರತದ ಮಕ್ಕಳಲ್ಲಿ ಈ ಬಾಧೆ ಇರಬಹುದಾದವರು ಶೇಕಡ 0.14 ಮಾತ್ರ; ಎಂದರೆ ಹತ್ತು ಸಾವಿರಕ್ಕೆ ಹದಿನಾಲ್ಕು. ಆದರೆ ಗಡಿಯಾಚೆಯ ಕನ್ನಡಿಗರಾದ ನಾವು ಈ ಪ್ರಶ್ನೆಯನ್ನು ಬೇರೆ ರೂಪದಲ್ಲಿ ಕೇಳಿದವರು. “ಎಲ್ಲೋ ನಾಲ್ಕು ಮಕ್ಕಳಿಗಾಗಿ ಕನ್ನಡದ ತರಗತಿ ಏಕೆ?” ಎಂಬ ಮಾತು ನಮ್ಮ ಕಿವಿಗೆ ಹೊಸದಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯ ಶಿಕ್ಷಣಕ್ಕೆ ಅನುಕೂಲ ಕಲ್ಪಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ತಲೆಯೆಣಿಕೆಯಿಂದಲೇ ನ್ಯಾಯ ತೀರಬಾರದೆಂಬ ವಿವೇಕ ಅದರ ಹಿಂದಿದೆ. ಆ ವಿವೇಕವನ್ನು ನಮಗಾಗಿ ಬೇಡುವ ನಾವು, ನಮ್ಮದೇ ಶಾಲೆಯ ಸಾಲಿನಲ್ಲಿ ತಟ್ಟೆಯನ್ನು ಮುಂದಿಟ್ಟುಕೊಂಡು ಅಂಜಿ ಕುಳಿತ ಒಂದು ಮಗುವಿಗೆ ಅದನ್ನು ನಿರಾಕರಿಸಲಾದೀತೆ?