ಇಂದಿನ ಧಮ್ಮ ಚಿಂತನೆ: ಮರುಕವಲ್ಲ, ಮೈತ್ರಿ



ಇವತ್ತು ಒಂದು ಜರ್ಮನ್ ಪದವನ್ನು ನಿಮ್ಮ ಮುಂದೆ ಇಡುತ್ತೇನೆ: ‘ಮಿಟ್‌ಲೈಡ್’. ಇದೊಂದು ಜೋಡುಪದ. ‘ಮಿಟ್’ ಎಂದರೆ ಜೊತೆ, ‘ಲೈಡ್’ ಎಂದರೆ ನೋವು. ಇನ್ನೊಬ್ಬರ ಜೊತೆಗೆ ನೋಯುವುದು ಎಂದರ್ಥ. ಲ್ಯಾಟಿನ್ನಿನ ‘ಕಂಪಾಸಿಯೊ’ ಪದದ ಮಾದರಿಯಲ್ಲಿ, ಅದರ ಭಾಗಗಳಿಗೆ ತಮ್ಮದೇ ನುಡಿಯ ಮಾತುಗಳನ್ನು ಇಟ್ಟು ಜರ್ಮನ್ನರು ಇದನ್ನು ಕಟ್ಟಿಕೊಂಡರು.

‘ಜೊತೆ’ ಎಂದಮೇಲೆ ಮೇಲು ಕೀಳು ಇರಬಾರದು. ಆದರೆ ಬಳಕೆಯಲ್ಲಿ ಈ ಪದಕ್ಕೆ ‘ಮರುಕ’ ಎಂಬ ಅರ್ಥವೂ ಅಂಟಿಕೊಂಡಿತು. ಹಾಗಾಗಿ ಸ್ವಾಭಿಮಾನವುಳ್ಳ ಜರ್ಮನ್ ಮನುಷ್ಯ ‘ನಿಮ್ಮ ಮಿಟ್‌ಲೈಡ್ ನನಗೆ ಬೇಡ’ ಎನ್ನಬಲ್ಲ.

ಈ ಮಾತನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ‘ಅಯ್ಯೋ ಪಾಪ’ ಎನ್ನುತ್ತಲೇ ಮೇಲಿನಿಂದ ಬೊಗಸೆಗೆ ನೀರು ಹುಯ್ದವರನ್ನು ನಮ್ಮ ಹಿರಿಯರು ಕಂಡಿದ್ದಾರೆ. ನೀರು ಸಿಕ್ಕಿತು, ಬಿಂದಿಗೆ ಮುಟ್ಟುವ ಹಕ್ಕು ಸಿಗಲಿಲ್ಲ. 1927ರ ಮಾರ್ಚ್ 20ರಂದು ಮಹಾಡ್‌ನಲ್ಲಿ ಬಾಬಾಸಾಹೇಬರು ಯಾರ ಮರುಕಕ್ಕೂ ಕಾಯಲಿಲ್ಲ. ಚವದಾರ್ ಕೆರೆಗೆ ತಾವೇ ಇಳಿದು, ತಮ್ಮ ಕೈಯಿಂದಲೇ ನೀರು ಕುಡಿದರು.

ಅದೇ ಬಾಬಾಸಾಹೇಬರು ‘ಬುದ್ಧ ಮತ್ತು ಆತನ ಧಮ್ಮ’ ಗ್ರಂಥದಲ್ಲಿ, ಮನುಷ್ಯರ ಮೇಲಿನ ಕರುಣೆಯಷ್ಟೇ ಸಾಲದು, ಎಲ್ಲ ಜೀವಿಗಳ ಮೇಲೂ ಮೈತ್ರಿ ಬೇಕು ಎಂದು ತಿಳಿಸುತ್ತಾರೆ. ಪಾಲಿಯ ‘ಮೆತ್ತಾ’ ಹುಟ್ಟಿದ್ದು ‘ಮಿತ್ತ’ ಪದದಿಂದ. ಮಿತ್ತ ಎಂದರೆ ಗೆಳೆಯ. ಮರುಕಪಡುವವನು ನಿಂತು ಕೆಳಗೆ ನೋಡುತ್ತಾನೆ, ಗೆಳೆಯ ಪಕ್ಕದಲ್ಲಿ ಬಂದು ಕೂರುತ್ತಾನೆ.

ಒಂದು ಎಚ್ಚರಿಕೆ. ‘ಮಿಟ್’ ಮತ್ತು ‘ಮಿತ್ತ’ ಕೇಳಲು ಒಂದೇ ತರಹ ಇವೆ, ಆದರೆ ಬೇರು ಬೇರೆ. ಕಿವಿಗೆ ಹಿತವಾಯಿತೆಂದು ನಂಬುವುದು, ಫಾರ್ವರ್ಡ್ ಮಾಡುವುದು ಧಮ್ಮದ ದಾರಿಯಲ್ಲ. ಪರೀಕ್ಷಿಸಿ ಒಪ್ಪಿ ಎಂದೇ ಭಗವಾನ್ ಬುದ್ಧರು ಕಾಲಾಮರಿಗೆ ಹೇಳಿದ್ದು.

ಜರ್ಮನ್ನಿನಲ್ಲಿ ಇನ್ನೊಂದು ಜೋಡುಪದವಿದೆ: ‘ಮಿಟ್‌ಫ್ರಾಯ್ಡೆ’, ಅಂದರೆ ಜೊತೆಗೆ ನಲಿಯುವುದು. ನಮ್ಮ ‘ಮುದಿತಾ’ ಇದೇ. ಇನ್ನೊಬ್ಬರ ನೋವಿಗೆ ಮರುಗುವವರು ಬಹಳ ಜನ. ಅದೇ ಮನೆಯ ಮಗಳು ಅಧಿಕಾರಿಯಾದಾಗ ಮನಸಾರೆ ನಲಿಯುವವರು ಎಷ್ಟು ಜನ? ಮರುಕವೋ ಮೈತ್ರಿಯೋ ಎಂಬುದು ಅಲ್ಲಿ ಗೊತ್ತಾಗುತ್ತದೆ.

ಇಂದಿನ ಅಭ್ಯಾಸ: ಯಾರಿಗಾದರೂ ನೆರವಾಗುವ ಮೊದಲು ಒಂದು ಕ್ಷಣ ನಿಂತು ಕೇಳಿಕೊಳ್ಳೋಣ. ನಾನು ಇವರ ಮೇಲಿದ್ದೇನೆಯೋ, ಜೊತೆಗಿದ್ದೇನೆಯೋ?

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್. ☸️