ಹತ್ತು ಮುಖಗಳ ಹಿಂದಿನ ಮನಸ್ಸು

ಖಾರಘರದಲ್ಲಿ ಬೆಳಿಗ್ಗೆ ಹಾರ್ಬರ್ ಲೈನಿನ ಗಾಡಿ ಹಿಡಿಯುವ ನಮ್ಮ ಗುಂಪಿನಲ್ಲಿ ಒಬ್ಬ ಹಿರಿಯರಿದ್ದಾರೆ. ನಾನು ಸಂಘದ ನಾಟಕಕ್ಕೆ ಬಣ್ಣ ಹಚ್ಚುವುದು, ಕವಿತೆ ಗೀಚುವುದು, ಮಕ್ಕಳಿಗೆ ಕನ್ನಡ ಕಲಿಸುವುದು ಎಲ್ಲವನ್ನೂ ಕಂಡು, "ಏನ್ರೀ, ಯಾವುದಾದರೂ ಒಂದನ್ನು ಹಿಡಿಯಬಾರದೇ?" ಎಂದರು. ನಾನು ಶಿವರಾಮ ಕಾರಂತರ ಹೆಸರನ್ನು ಮುಂದೆ ಮಾಡಿದೆ. ದೊಡ್ಡವರ ಮರೆಯಲ್ಲಿ ನಿಲ್ಲುವುದು ಸುಲಭ, ನೋಡಿ.

ಕಾರಂತರು (1902-1997) ಆತ್ಮಕಥೆಗೆ 'ಹುಚ್ಚು ಮನಸ್ಸಿನ ಹತ್ತು ಮುಖಗಳು' ಎಂದೇ ಹೆಸರಿಟ್ಟವರು. ಕಾದಂಬರಿ, ಯಕ್ಷಗಾನ, ಪುತ್ತೂರಿನ ಬಾಲವನ, ಮಕ್ಕಳಿಗಾಗಿ 'ಬಾಲಪ್ರಪಂಚ', ಕೊನೆಗೆ ಪರಿಸರ ಹೋರಾಟ. ಇವೆಲ್ಲದರ ಹಿಂದಿರುವ ಮೌಲ್ಯ ಯಾವುದು? 'ಮಾನವೀಯತೆ' ಎಂದುಬಿಡುವುದು ವಾಡಿಕೆ. ಆ ಮಾತು ಯಾರ ಶ್ರದ್ಧಾಂಜಲಿ ಸಭೆಯಲ್ಲೂ ಸಲ್ಲುತ್ತದೆ. ಅದರಿಂದ ಏನೂ ತಿಳಿಯದು. ಅಭಿರುಚಿಯ ಏಕರೂಪತೆ ಎನ್ನೋಣವೆಂದರೆ ಅದೂ ನಿಲ್ಲದು. ಯಕ್ಷಗಾನದ ಹಳೆಯ ವೇಷಭೂಷಣ, ರಾಗಗಳನ್ನು ಅಲೆದು ಹುಡುಕಿ, 'ಯಕ್ಷಗಾನ ಬಯಲಾಟ' ಗ್ರಂಥಕ್ಕೆ 1958ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಅವರೇ ಮುಂದೆ ತಮ್ಮ ಪ್ರಯೋಗಗಳಲ್ಲಿ ಮಾತನ್ನು ಕೈಬಿಟ್ಟರು. ಪಿಟೀಲು, ಸ್ಯಾಕ್ಸೊಫೋನುಗಳನ್ನು ತಂದರು.

ನನಗೆ ಕಾಣುವುದು ಒಂದು ಹಟ: ತಾನು ಕಣ್ಣಾರೆ ನೋಡದ್ದಕ್ಕೆ, ಮನಸಾರೆ ಒಪ್ಪದ್ದಕ್ಕೆ ಸಹಿ ಹಾಕೆನೆಂಬುದು. ಗಾಂಧೀಜಿಯವರ ಕರೆಗೆ ಕಾಲೇಜು ಬಿಟ್ಟ ಮನುಷ್ಯ ಸ್ವತಃ ಓದಿ ಅರಗಿಸಿಕೊಂಡು ನಾಲ್ಕು ಸಂಪುಟಗಳ 'ವಿಜ್ಞಾನ ಪ್ರಪಂಚ' ಬರೆದರು. (ಬಿ.ಎಸ್‌ಸಿ. ಪದವಿಯನ್ನು ಗೋಡೆಗೆ ತೂಗುಹಾಕಿದ ನನ್ನಂಥವರು ತಲೆ ತಗ್ಗಿಸಬೇಕು.) ತುರ್ತುಪರಿಸ್ಥಿತಿಯನ್ನು ಪ್ರತಿಭಟಿಸಿ ಪದ್ಮಭೂಷಣವನ್ನು ಹಿಂದಿರುಗಿಸಿದರು. ಕೈಗಾ ಅಣುಸ್ಥಾವರವನ್ನು ವಿರೋಧಿಸಿ 1989ರಲ್ಲಿ, 87ರ ಇಳಿವಯಸ್ಸಿನಲ್ಲಿ, ಲೋಕಸಭಾ ಚುನಾವಣೆಗೆ ನಿಂತು ಸೋತರು. ಮನುಷ್ಯ ಗಳಿಸಿದ್ದಕ್ಕಿಂತ ಬಿಟ್ಟುಕೊಟ್ಟದ್ದರಲ್ಲಿ ಅವನ ಮೌಲ್ಯ ಹೆಚ್ಚು ನಿಚ್ಚಳವಾಗಿ ಕಾಣುತ್ತದೆಂದು ನನ್ನ ತಿಳುವಳಿಕೆ.

ಇದೇ ಒರೆಗಲ್ಲಿಗೆ ನನ್ನನ್ನು ತಿಕ್ಕಿಕೊಂಡಾಗ ತೊಡಕಾಯಿತು. ನಾಟಕದಲ್ಲಿ ಒಂದು ಮಾತು ತಪ್ಪಿದರೆ ನನಗೆ ರಾತ್ರಿ ನಿದ್ದೆಯಿಲ್ಲ. ಕವಿತೆಯಲ್ಲಿ ಸುಳ್ಳು ಶಬ್ದ ನುಸುಳಿದರೆ ಹೊಡೆದುಹಾಕುತ್ತೇನೆ. ಹಗಲು ಕಚೇರಿಯಲ್ಲಿ ಮಾತ್ರ ಮೇಲಿನ ಎರಡು ಹಾಳೆ ಮಗುಚಿ 'ಪರಿಶೀಲಿಸಲಾಗಿದೆ' ಎಂದು ಬರೆದು ಸಹಿ ಹಾಕುತ್ತೇನೆ. ಕಳೆದ ತಿಂಗಳು ಒಬ್ಬ ವಿಧವೆಯ ಕುಟುಂಬ ಪಿಂಚಣಿಯ ಕಡತ ಮೂರನೆಯ ಬಾರಿ ಹಿಂದೆ ಬಂತು. ಬೇಕಾದ ದಾಖಲೆ ಒಳಗೇ ಇತ್ತು. ನಾನು ತೆರೆದು ನೋಡಿರಲಿಲ್ಲ. ಆಕೆ ಮೂರು ಸಲವೂ ಬಸ್ಸು ಹಿಡಿದು ಬಂದಿದ್ದರು. ಹವ್ಯಾಸಗಳನ್ನೆಲ್ಲ ಪೋಣಿಸಿಕೊಂಡು ಬಂದ ದಾರ ಸಂಬಳ ಬರುವ ಜಾಗದಲ್ಲೇ ಕಡಿದಿತ್ತು.

ಮರುದಿನ ಗಾಡಿಯಲ್ಲಿ ಆ ಹಿರಿಯರು ಮತ್ತೆ ಕೆಣಕಿದಾಗ, ಕಾರಂತರ ಹೆಸರೆತ್ತಲು ನನಗೆ ಬಾಯಿ ಬರಲಿಲ್ಲ.