ಬೆರಳಗಲದ ಗಾಲಿಗೆ ಎರಿ ಮಣ್ಣು

ಕಾರಹುಣ್ಣಿವೆಗೆ ನಮ್ಮ ಹುಲಗೂರಿನ ಸುತ್ತಿನ ಊರುಗಳಲ್ಲಿ ಎತ್ತುಗಳ ಮೈ ತೊಳೆಯುತ್ತಾರೆ. ಗೊರಸಿನ ಸಂದಿಯಲ್ಲಿ ಕೂತ ಕೆಸರನ್ನೂ ಬಿಡದೆ ತಿಕ್ಕಿ, ಕೊಂಬಿಗೆ ಬಣ್ಣ ಹಚ್ಚಿ, ಜೂಲ ಹೊದಿಸಿ ಮೆರೆಸುತ್ತಾರೆ. ಅದಾಗಿ 15 ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಅಂದು ಮಣ್ಣು ತಂದು, ಹದ ಮಾಡಿ, ಅಂಗೈ ಮೇಲೆ ನಿಲ್ಲುವಂಥ ಎತ್ತುಗಳನ್ನು ಮಾಡಿ ಜಗಲಿಯ ಮೇಲಿಟ್ಟು ಪೂಜಿಸುತ್ತಾರೆ. ಮೈಮೇಲಿನ ಮಣ್ಣು ತೊಳೆದ ಕೈಗಳೇ ಮಣ್ಣಿನಿಂದ ಮೈ ಮಾಡುವ ಈ ಎರಡು ಹಬ್ಬಗಳ ನಡುವೆ ನನ್ನ ಮನಸ್ಸು ಪ್ರತಿ ಮುಂಗಾರಿಗೂ ಓಡಾಡುತ್ತದೆ. ಆ ಪುಟ್ಟ ಎತ್ತು ಅಡಿಯಿಂದ ಮುಡಿಯವರೆಗೆ ಮಣ್ಣೇ. ಆದರೂ ಅದು ಕೊಳೆಯಾಗಿ ಕಾಣುವುದಿಲ್ಲ. ಈಗಷ್ಟೇ ಹೊಲದಿಂದ ಬಂದಂತೆ ಕಾಣಬೇಕಾದರೆ ಅದರ ಮೊಣಕಾಲ ಕೆಳಗೆ ಮತ್ತೊಂದು ಮಣ್ಣನ್ನು ಮೆತ್ತಬೇಕು.

ಆ ಮತ್ತೊಂದು ಮಣ್ಣಿನ ಹಿಂದೆ ಬಿದ್ದವನು ನಾನು. ಮರದ ಕಡ್ಡಿಗಳಿಂದ ಚಕ್ಕಡಿಗಳ ಚಿಕ್ಕ ಮಾದರಿ ಮಾಡುತ್ತೇನೆ, 1:35ರ ಅಳತೆಯಲ್ಲಿ. ಈ ವಿಚಿತ್ರ ಅಳತೆಯನ್ನು ಮಾದರಿಗಾರರ ಲೋಕದಲ್ಲಿ ನೆಲೆಗೊಳಿಸಿದ್ದು ಜಪಾನಿನ ತಮಿಯಾ ಕಂಪನಿ. ತನ್ನ ಪ್ಯಾಂಥರ್ ಟ್ಯಾಂಕಿನ ಮಾದರಿಯೊಳಗೆ ಮೋಟಾರು, ಬ್ಯಾಟರಿಗಳು ಹಿಡಿಸಬೇಕೆಂದು ಗಾತ್ರ ಗೊತ್ತುಮಾಡಿಕೊಂಡಾಗ ಲೆಕ್ಕ ಹಾಗೆ ಬಂತು. ಈ ಅಳತೆಯಲ್ಲಿ ಆಳಿನ ಎದೆಮಟ್ಟದ ಚಕ್ಕಡಿ ಗಾಲಿ 4 ಸೆಂಟಿಮೀಟರಿಗೆ ಇಳಿಯುತ್ತದೆ. ಅದರ ಕಬ್ಬಿಣದ ಪಟ್ಟಿ ಒಂದೂವರೆ ಮಿಲಿಮೀಟರ್ ಅಗಲ. ಮರ, ಕಬ್ಬಿಣ, ಹಗ್ಗ ಎಲ್ಲವೂ ಹೇಳಿದ ಮಾತು ಕೇಳಿ ಚಿಕ್ಕದಾಗುತ್ತವೆ. ಮಣ್ಣು ಮಾತ್ರ ಕೇಳುವುದಿಲ್ಲ.

ಹೊಲದ ಮಣ್ಣನ್ನೇ ತಂದು ಹಚ್ಚಿದರಾಯಿತಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. 1 ಮಿಲಿಮೀಟರಿನ ಮರಳಿನ ಹರಳು ಈ ಗಾಲಿಯ ಮೇಲೆ ಕೂತರೆ, ನಿಜದ ಗಾಲಿಗೆ ಮೂರೂವರೆ ಸೆಂಟಿಮೀಟರಿನ ಕಲ್ಲು ಅಂಟಿದಂತಾಯಿತು. ಮಣ್ಣನ್ನು ಕುಟ್ಟಿ ವಸ್ತ್ರಗಾಳಿತ ಮಾಡಿ ನುಣ್ಣಗಾಗಿಸಿದರೂ ಕೆಲಸ ಮುಗಿಯುವುದಿಲ್ಲ. ಅಂಟಿನಲ್ಲಿ ಕಲಸಿ ಹಚ್ಚಿದರೆ ಅದು ಒಣಗಿದ ಮೇಲೂ ಹಸಿಯಾಗಿಯೇ ಕಾಣುತ್ತದೆ. ಮೊದಲ ಮಳೆಗೆ ಹೊಲವೆಲ್ಲ ಒಮ್ಮೆಲೇ ಕಪ್ಪಾಗುವುದೂ ಇದೇ ಕಾರಣಕ್ಕೆ. ಒಣ ಮಣ್ಣಿನ ಕಣಗಳ ನಡುವೆ ಗಾಳಿ ಇರುತ್ತದೆ. ಬಿದ್ದ ಬೆಳಕು ಕಣದಿಂದ ಕಣಕ್ಕೆ ಚೆದುರಿ ಬೇಗ ಹೊರಗೆ ಬರುತ್ತದೆ. ಆ ಸಂದಿಗಳನ್ನು ನೀರು ತುಂಬಿಕೊಂಡಾಗ ಬೆಳಕು ಒಳಗೊಳಗೇ ಇಳಿದು, ಅಲ್ಲಿಯೇ ಹೀರಿಹೋಗುತ್ತದೆ. ನೆನೆದ ನೆಲ ಯಾಕೆ ಕಪ್ಪಾಗಿ ಕಾಣುತ್ತದೆ ಎಂದು ಸ್ವೀಡನ್ನಿನ ವಿಜ್ಞಾನಿ ಆಂಡರ್ಸ್ ಆಂಗ್‌ಸ್ಟ್ರಾಮ್ 1925ರಲ್ಲಿಯೇ ಬರೆದಿದ್ದರು. ಅಂಟು ಕೂಡ ಸಂದಿ ತುಂಬುತ್ತದೆ, ನೀರಿನ ಹಾಗೆ ಆರಿಹೋಗುವುದಿಲ್ಲ. ಅದಕ್ಕೇ ಒಣ ಧೂಳು ಬೇಕಾದ ಕಡೆ ಬರೀ ಪುಡಿಯನ್ನು ಆವಿಯಾಗುವ ತಿನ್ನರಿನಲ್ಲಿ ತೇಲಿಸಿ ಕೂಡಿಸುತ್ತಾರೆ. ಹಸಿ ಕೆಸರು ಬೇಕಾದ ಕಡೆ ಅಂಟಿನ ಮೇಲೆ ವಾರ್ನಿಶ್ ಎಳೆಯುತ್ತಾರೆ. ಒಂದೇ ಹಿಡಿ ಮಣ್ಣು ಒಂದು ಕಡೆ ಬೇಸಿಗೆ, ಇನ್ನೊಂದು ಕಡೆ ಮಳೆಗಾಲ.

ಇಲ್ಲಿಂದ ಹೆದ್ದಾರಿಯ ಕಡೆ ಹೋದರೆ ಗೊಟಗೋಡಿಯಲ್ಲಿ ಕಲಾವಿದ ಟಿ. ಬಿ. ಸೊಲಬಕ್ಕನವರ ಕಟ್ಟಿದ ಉತ್ಸವ ರಾಕ್ ಗಾರ್ಡನ್ ಇದೆ. ಬಡಗಿ, ಕಮ್ಮಾರ, ಕುಂಬಾರ, ಒಕ್ಕಲಿಗ, ದನಕರು ಎಲ್ಲ ಅಲ್ಲಿ ಆಳೆತ್ತರದ ಶಿಲ್ಪಗಳಾಗಿ ನಿಂತಿವೆ. ಅವುಗಳ ಮೇಲೆ ಧೂಳು ಕೂತರೆ ಅದು ಸರಿಯಾದ ಅಳತೆಯ ಧೂಳೇ. ಗಾಳಿ, ಮಳೆ ತಾವಾಗಿಯೇ ಬಂದು ಕಲಾವಿದನ ಕೆಲಸ ಮುಂದುವರಿಸುತ್ತವೆ. ಅಂಗೈಯಗಲದ ಚಕ್ಕಡಿಗೆ ಆ ಭಾಗ್ಯವಿಲ್ಲ. ಅದರ ಮೇಲೆ ಮನೆಯ ಧೂಳು ಕೂತರೆ ನೂಲು ನೂಲಾಗಿ ಕಾಣುತ್ತದೆ.

ಆದರೆ ಒಂದು ವಿಷಯದಲ್ಲಿ ಮಣ್ಣು ತಾನಾಗಿಯೇ ನನ್ನ ಕಡೆಗೆ ಬಂದಿತು. ಕಪ್ಪು ಮಣ್ಣಿನ ನಮ್ಮ ಎರಿ ಹೊಲಗಳು ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತವೆ. ಈ ಮಣ್ಣಿನ ಜೇಡಿ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಬಿರುಕುಗಳ ನಡುವಿನ ಅಂತರವನ್ನು ಬಹುಮಟ್ಟಿಗೆ ಒಣಗುವ ಪದರದ ದಪ್ಪವೇ ನಿರ್ಧರಿಸುತ್ತದೆ. ದಪ್ಪ ಪದರಕ್ಕೆ ದೊಡ್ಡ ಚಕ್ಕೆ, ತೆಳು ಪದರಕ್ಕೆ ಸಣ್ಣ ಚಕ್ಕೆ. ಎರಿ ಮಣ್ಣಿನ ತಿಳಿಯನ್ನು ಅಂಟಿಲ್ಲದೆ, ಉಗುರಿನಷ್ಟು ತೆಳ್ಳಗೆ ಸವರಿ ಬಿಸಿಲಿಗಿಟ್ಟೆ. ಸಂಜೆಗೆ ಅದು ಕೆಲವೇ ಮಿಲಿಮೀಟರಿನ ಚಕ್ಕೆಗಳಾಗಿ, ಒಂದೊಂದರ ಅಂಚು ಮೇಲಕ್ಕೆ ಸುರುಳಿ ತಿರುಗಿ ಬಿರಿದಿತ್ತು. ಭೂತಗನ್ನಡಿ ಹಿಡಿದು ನೋಡಿದೆ. ಬೇಸಿಗೆಯಲ್ಲಿ ಬತ್ತಿದ ಕೆರೆಯ ಅಂಗಳವೇ ಅಲ್ಲಿತ್ತು. ಅದನ್ನು ನಾನು ಕೆತ್ತಿರಲಿಲ್ಲ, ಬರೆದಿರಲಿಲ್ಲ. ಕೆರೆಯಂಗಳದಲ್ಲಿ ನಡೆಯುವುದೇ ಇಲ್ಲಿಯೂ ನಡೆದಿತ್ತು, ಅಷ್ಟು ಚಿಕ್ಕ ಜಾಗದಲ್ಲಿ, ಯಾರಿಗೂ ಕಾಣದ ಹಾಗೆ. ಹರಳಿನಲ್ಲಿ ಕೈಕೊಟ್ಟ ಮಣ್ಣು ಬಿರುಕಿನಲ್ಲಿ ಇಷ್ಟು ನಿಷ್ಠೆಯಿಂದ ಚಿಕ್ಕದಾಗುವುದನ್ನು ನೋಡಿ ಆದ ಬೆರಗು ಇನ್ನೂ ಇಳಿದಿಲ್ಲ.

ಮಣ್ಣು ಎಲ್ಲಿ ಬೇಕಾದಲ್ಲಿ ಕೂರುವುದೂ ಇಲ್ಲ. ಅಚ್ಚಿನ ಬುಡದಲ್ಲಿ ಕೀಲೆಣ್ಣೆ ಜಿನುಗಿದ ಕಡೆ ಧೂಳು ಕೂತು ಕರ್ರಗೆ ಗಟ್ಟಿಯಾಗುತ್ತದೆ. ಗಾಲಿಯ ಪಟ್ಟಿ ನೆಲಕ್ಕೆ ಉಜ್ಜುವ ಕಡೆ ಮಿರುಗುತ್ತಲೇ ಇರುತ್ತದೆ. ಸಿಡಿದ ಕೆಸರು ಗಾಲಿಗೆದುರಾದ ಹಲಗೆಗೆ ದಟ್ಟವಾಗಿ, ಮೇಲೆ ಹೋದಂತೆ ಚುಕ್ಕಿ ಚುಕ್ಕಿಯಾಗಿ ಬೀಳುತ್ತದೆ. ನಮ್ಮ ಓಣಿಯ ಹಿರಿಯರೊಬ್ಬರು, ಆಯುಷ್ಯವೆಲ್ಲ ಚಕ್ಕಡಿ ಹೂಡಿದವರು, ನನ್ನ ಮಾದರಿಯನ್ನು ಕಣ್ಣಿನ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಮರಗೆಲಸದ ಬಗ್ಗೆ ಏನೂ ಅನ್ನಲಿಲ್ಲ. “ಎರಿ ಹೊಲಕ್ಕ ಹೋಗೇತಿ ನೋಡೋ ತಮ್ಮಾ, ಬರೂವಾಗ ಮಸಾರಿ ಹಾದಿ ಹಿಡದೈತಿ” ಅಂದರು. ಕಪ್ಪು ಮೆತ್ತಿಗೆಯ ಮೇಲೆ ತೆಳುವಾಗಿ ಕೂತ ಕೆಂಧೂಳನ್ನು ಅವರು ಹಾಗೆ ಓದಿದ್ದರು. ಎಲ್ಲಿಗೂ ಹೋಗದ ಗಾಡಿಗೆ ಒಂದು ಹೋಗಿಬಂದ ದಾರಿ ಸಿಕ್ಕಿಬಿಟ್ಟಿತು. ನಾನು ಬಣ್ಣ ಕೂಡಿಸುವಾಗ ಆ ದಾರಿ ನನ್ನ ಮನಸ್ಸಿನಲ್ಲಿಯೂ ಇರಲಿಲ್ಲ.

ನೀರಿನ ಮುಂದೆ ಮಾತ್ರ ಯಾವ ಉಪಾಯವೂ ನಡೆಯುವುದಿಲ್ಲ. ಬಿರುಕು ಚಿಕ್ಕದಾದ ಹಾಗೆ ಹನಿ ಚಿಕ್ಕದಾಗಲೊಲ್ಲದು. ಮೇಲ್ಮೈ ಸೆಳೆತ ಗುಂಡಗೆ ನಿಲ್ಲಿಸುವ 3 ಮಿಲಿಮೀಟರಿನ ಹನಿಯೊಂದು ಈ ಚಕ್ಕಡಿಯ ಮೇಲೆ ಸುಲಿದ ತೆಂಗಿನಕಾಯಿಯಷ್ಟಾಗಿ ಕೂರುತ್ತದೆ. ಹಾಗಾಗಿ ನಾನು ಮಾಡುವ ಮುಂಗಾರಿನಲ್ಲಿ ಯಾವಾಗಲೂ ಮಳೆ ನಿಂತು ಸ್ವಲ್ಪ ಹೊತ್ತಾಗಿರುತ್ತದೆ: ಗಾಲಿಯ ಜಾಡಿನಲ್ಲಿ ವಾರ್ನಿಶಿನ ಹೊಳಪು, ದಂಡೆಯಲ್ಲಿ ಆಗಲೇ ಬಿಳುಪೇರುತ್ತಿರುವ ಮಣ್ಣು.